ಯಾವುದು ನಂಬುವಂಥದ್ದು? ಸೈಂಟಾಲಜಿಯ ಗ್ರಹಗಳ ಕಥೆ, ಕ್ರೈಸ್ತರ ಖಾಲಿ ಸಮಾಧಿ

ಪರಿಚಯದ ಹುಡುಗನೊಬ್ಬ ಕೆಲಸದ ಮೇಲೆ ಲಾಸ್ ಏಂಜಲಿಸ್‌ಗೆ ಹೋಗಿದ್ದ. ಹಾಲಿವುಡ್ ಬೀದಿಯಲ್ಲಿ ಅಡ್ಡಾಡುವಾಗ ಯಾರೋ ನಗುನಗುತ್ತಾ ಕರೆದು, ಎರಡೂ ಕೈಗೆ ಒಂದೊಂದು ಲೋಹದ ಡಬ್ಬಿ ಕೊಟ್ಟು, ‘ಉಚಿತ ಸ್ಟ್ರೆಸ್ ಟೆಸ್ಟ್’ ಎಂದರಂತೆ. ಮುಂದಿದ್ದ ಮೀಟರಿನ ಮುಳ್ಳು ಅಲ್ಲಾಡಿತು. ‘ಈಗ ಯಾರನ್ನು ನೆನೆಸಿಕೊಂಡಿರಿ?’ ಎಂದು ಕೇಳಿದರು. ಅವನು ನೆನೆಸಿಕೊಂಡಿದ್ದು ಆಫೀಸಿನ ಮ್ಯಾನೇಜರನ್ನು. ರಾತ್ರಿ ಊರಿಗೆ ಫೋನ್ ಮಾಡಿ ಹೇಳಿದಾಗ ಅವನ ತಾಯಿ ಕೇಳಿದ್ದು ಒಂದೇ ಮಾತು: ‘ಚರ್ಚ್ ಅಂತೀಯ, ಹಾಗಾದ್ರೆ ಕ್ರಿಶ್ಚಿಯನ್ನರದ್ದಾ?’

ಅಲ್ಲ. ಅದು ಸೈಂಟಾಲಜಿ. ಹೆಸರಿನಲ್ಲಿ ‘ಚರ್ಚ್’ ಇದೆ, ಲಾಂಛನದಲ್ಲಿ ಎಂಟು ಮೊನೆಯ ಶಿಲುಬೆಯೂ ಇದೆ. ಆದರೆ ಯೇಸುವಿಗೂ ಅದರ ಬೋಧನೆಗೂ ಸಂಬಂಧವಿಲ್ಲ. ನಮ್ಮಲ್ಲಿ ಹೆಚ್ಚಿನವರಿಗೆ ಅದು ಗೊತ್ತಿರುವುದು ನಟ ಟಾಮ್ ಕ್ರೂಸ್ ಅವರ ಧರ್ಮ ಎಂದು, ಅಷ್ಟೇ.

ಅದರ ಬಗ್ಗೆ ಮಾತು ಶುರುವಾದರೆ ಸಾಕು, ಒಂದು ಹಳೆಯ ಜಗಳ ಎದ್ದು ಕೂರುತ್ತದೆ. ‘ಬೇರೆ ಗ್ರಹದ ಸರ್ವಾಧಿಕಾರಿಯ ಕಥೆಯನ್ನು ನಂಬುತ್ತಾರಲ್ಲ, ಬುದ್ಧಿ ಬೇಡವಾ?’ ಎಂದು ಒಬ್ಬರು ನಗುತ್ತಾರೆ. ‘ಸತ್ತವನು ಮೂರನೇ ದಿನ ಎದ್ದು ಬಂದ ಅನ್ನೋದು ಅದಕ್ಕಿಂತ ಏನು ಕಮ್ಮಿ?’ ಎಂದು ಇನ್ನೊಬ್ಬರು ತಿರುಗಿಸಿ ಕೇಳುತ್ತಾರೆ. ಎರಡನೆಯವರು ಕುಚೋದ್ಯಕ್ಕೆ ಕೇಳಿದರೂ ಅದು ಒಳ್ಳೆಯ ಪ್ರಶ್ನೆ. ಉತ್ತರಿಸಲು ಸ್ವಲ್ಪ ತಳಪಾಯ ಬೇಕು.

ಸೈಂಟಾಲಜಿ ಹೇಳುವುದೇನು?

ಇದನ್ನು ಕಟ್ಟಿದವರು ಎಲ್. ರಾನ್ ಹಬ್ಬರ್ಡ್. 1911ರಲ್ಲಿ ಅಮೆರಿಕದ ನೆಬ್ರಾಸ್ಕಾದಲ್ಲಿ ಹುಟ್ಟಿದವರು. ಅಗ್ಗದ ಕಾಗದದ ಮಾಸಪತ್ರಿಕೆಗಳಿಗೆ ಸಾಹಸದ ಕಥೆ, ವೈಜ್ಞಾನಿಕ ಕಥೆ ಬರೆದು ಜೀವನ ಮಾಡುತ್ತಿದ್ದವರು. 1950ರ ಮೇ ತಿಂಗಳಲ್ಲಿ ‘ಡಯಾನೆಟಿಕ್ಸ್’ ಎಂಬ ಪುಸ್ತಕ ತಂದರು. ಆಗ ಅದು ಧರ್ಮವಲ್ಲ, ಮನಸ್ಸನ್ನು ಸರಿಪಡಿಸುವ ಒಂದು ವಿಧಾನ. ಅದರ ಬಗ್ಗೆ ಅವರ ಲೇಖನ ಅದೇ ತಿಂಗಳು ಬಂದಿದ್ದು ವೈಜ್ಞಾನಿಕ ಕಥೆಗಳ ಪತ್ರಿಕೆಯಲ್ಲಿ.

ಅದರ ಮೂಲ ಮಾತು ಇಷ್ಟು. ನಮಗೆ ಏಟು ಬಿದ್ದಾಗ, ಎಚ್ಚರ ತಪ್ಪಿದಾಗ, ಸುತ್ತಲಿನ ಸದ್ದು, ವಾಸನೆ, ಮಾತು ಎಲ್ಲವೂ ಮನಸ್ಸಿನ ಒಂದು ಕತ್ತಲೆ ಮೂಲೆಯಲ್ಲಿ ರೆಕಾರ್ಡ್ ಆಗುತ್ತದೆ. ನೀವು ಬೈಕಿನಿಂದ ಬಿದ್ದು ಪ್ರಜ್ಞೆ ತಪ್ಪಿದಾಗ ಪಕ್ಕದಲ್ಲಿ ಯಾರೋ ಕಾಫಿ ಕುಡಿಯುತ್ತಿದ್ದರು ಅಂದುಕೊಳ್ಳಿ. ಹತ್ತು ವರ್ಷದ ನಂತರ ಕಾಫಿ ವಾಸನೆ ಮೂಗಿಗೆ ಬಡಿದರೆ ಸುಮ್ನೆ ಮೊಣಕಾಲು ನೋಯಲು ಶುರುವಾಗುತ್ತದೆ. ಹೀಗೆ ಕೂತಿರುವ ರೆಕಾರ್ಡಿಗೆ ಹಬ್ಬರ್ಡ್ ‘ಎನ್‌ಗ್ರಾಮ್’ ಎಂದರು. ಭಯ, ಕೋಪ, ಎಷ್ಟೋ ಕಾಯಿಲೆಗಳಿಗೂ ಇವೇ ಕಾರಣ ಎಂದರು.

ಇವನ್ನು ಅಳಿಸುವ ಕೆಲಸಕ್ಕೆ ‘ಆಡಿಟಿಂಗ್’ ಎಂದು ಹೆಸರು. ಲೆಕ್ಕಪತ್ರದ ಆಡಿಟ್ ಅಲ್ಲ. ಎದುರುಬದುರು ಕೂತು ಒಬ್ಬರು ಪ್ರಶ್ನೆ ಕೇಳುತ್ತಾರೆ, ಇನ್ನೊಬ್ಬರು ಆ ಡಬ್ಬಿಗಳನ್ನು ಹಿಡಿದುಕೊಂಡು ಉತ್ತರಿಸುತ್ತಾರೆ. ಡಬ್ಬಿಗಳಿಗೆ ತಂತಿ ಕೊಟ್ಟಿರುವ ಯಂತ್ರವೇ ‘ಇ-ಮೀಟರ್’. ಚರ್ಮದಲ್ಲಿ ಸಣ್ಣ ವಿದ್ಯುತ್ ಎಷ್ಟು ಸಲೀಸಾಗಿ ಹರಿಯುತ್ತದೆ ಎಂದು ಅದು ಅಳೆಯುತ್ತದೆ. ಅಂಗೈ ಬೆವರಿದರೆ, ಹಿಡಿತ ಬಿಗಿಯಾದರೆ ಮುಳ್ಳು ಅಲ್ಲಾಡುತ್ತದೆ. ಎಲ್ಲ ಎನ್‌ಗ್ರಾಮ್ ಅಳಿಸಿ ಹೋದವರು ‘ಕ್ಲಿಯರ್’.

ಪ್ರಶ್ನೆ ಕೇಳುತ್ತಾ ಹೋದಂತೆ ಜನ ಹಿಂದಿನ ಜನ್ಮಗಳ ಮಾತಾಡತೊಡಗಿದರು. ಅಲ್ಲಿಂದ ವಿಷಯ ಮನಸ್ಸಿನಿಂದ ಆತ್ಮಕ್ಕೆ ದಾಟಿತು. ನೀವು ದೇಹವಲ್ಲ, ಮನಸ್ಸೂ ಅಲ್ಲ, ಸಾವಿಲ್ಲದ ‘ಥೀಟನ್’ ಎಂದರು ಹಬ್ಬರ್ಡ್. ಕೋಟ್ಯಂತರ ವರ್ಷಗಳಿಂದ ದೇಹದಿಂದ ದೇಹಕ್ಕೆ ಸುತ್ತುತ್ತಾ ಥೀಟನ್ ತನ್ನ ಶಕ್ತಿಯನ್ನೇ ಮರೆತಿದೆ, ಅದನ್ನು ಮರಳಿ ಪಡೆಯುವುದೇ ಗುರಿ. 1953ರ ಡಿಸೆಂಬರಿನಲ್ಲಿ ನ್ಯೂಜೆರ್ಸಿಯಲ್ಲಿ ‘ಚರ್ಚ್ ಆಫ್ ಸೈಂಟಾಲಜಿ’ ಎಂದು ನೋಂದಣಿ ಆಯಿತು. ಕ್ಲಿಯರ್ ಆದ ಮೇಲೂ ಏರಬೇಕಾದ ಎಂಟು ಮೆಟ್ಟಿಲುಗಳಿವೆ. ಅವಕ್ಕೆ ‘ಓ.ಟಿ.’ (ಆಪರೇಟಿಂಗ್ ಥೀಟನ್) ಮಟ್ಟಗಳು ಎನ್ನುತ್ತಾರೆ. ದೇವರು ಎಂಬ ಮಾತು ಇದೆ, ಆದರೆ ಆ ದೇವರು ಹೇಗೆ, ಏನು ಎಂದು ವಿವರಿಸುವುದಿಲ್ಲ.

ಮೂರನೇ ಮೆಟ್ಟಿಲಿನ ಗುಟ್ಟು

ಜನ ನಗುವುದು ಮೇಲೆ ಹೇಳಿದ್ದಕ್ಕಲ್ಲ, ಮೂರನೇ ಓ.ಟಿ. ಮಟ್ಟದಲ್ಲಿ ಹೇಳಿಕೊಡುವ ಕಥೆಗೆ. ಹಬ್ಬರ್ಡ್ ಇದನ್ನು ಕಂಡುಕೊಂಡಿದ್ದಾಗಿ ಹೇಳಿದ್ದು 1967ರಲ್ಲಿ.

7.5 ಕೋಟಿ ವರ್ಷಗಳ ಹಿಂದೆ 76 ಗ್ರಹಗಳ ಒಕ್ಕೂಟವೊಂದಿತ್ತು. ಅದರ ಸರ್ವಾಧಿಕಾರಿ ಜೀನು. ಜನಸಂಖ್ಯೆ ವಿಪರೀತವಾಗಿತ್ತು. ಅವನು ಕೋಟಿ ಕೋಟಿ ಜನರನ್ನು ಹಿಡಿಸಿ, ಹೆಪ್ಪುಗಟ್ಟಿಸಿ, ವಿಮಾನದಂಥ ನೌಕೆಗಳಲ್ಲಿ ಭೂಮಿಗೆ ತಂದ. ಜ್ವಾಲಾಮುಖಿಗಳ ಸುತ್ತ ಇರಿಸಿ ಹೈಡ್ರೋಜನ್ ಬಾಂಬ್ ಸಿಡಿಸಿದ. ಸತ್ತವರ ಥೀಟನ್‌ಗಳನ್ನು ಸೆರೆಹಿಡಿದು ದಿನಗಟ್ಟಲೆ ಸುಳ್ಳು ಚಿತ್ರಗಳನ್ನು ತೋರಿಸಲಾಯಿತು. ದಾರಿ ತಪ್ಪಿದ ಆ ಥೀಟನ್‌ಗಳು ಗೊಂಚಲು ಗೊಂಚಲಾಗಿ ಇವತ್ತಿಗೂ ನಮ್ಮ ಮೈಗೆ ಅಂಟಿಕೊಂಡಿವೆ. ಅವನ್ನು ಬಿಡಿಸುವುದೇ ಮೇಲಿನ ಮಟ್ಟದ ಕೆಲಸ.

ಸಿದ್ಧತೆ ಇಲ್ಲದವರು ಇದನ್ನು ತಿಳಿದರೆ ಅಪಾಯ ಎಂದು ಸಂಸ್ಥೆ ಗುಟ್ಟಾಗಿ ಇಟ್ಟಿತ್ತು. 1985ರ ನವೆಂಬರಿನಲ್ಲಿ ಲಾಸ್ ಏಂಜಲಿಸಿನ ಕೋರ್ಟಿನಲ್ಲಿ ಒಬ್ಬ ಮಾಜಿ ಸದಸ್ಯರ ಕೇಸಿನ ಕಡತದೊಳಗೆ ಈ ದಾಖಲೆಗಳು ಸೇರಿಕೊಂಡವು. ಕಡತ ಸಾರ್ವಜನಿಕರಿಗೆ ತೆರೆದ ದಿನ ಸುಮಾರು 1,500 ಸೈಂಟಾಲಜಿಸ್ಟರು ಕಚೇರಿಯಲ್ಲಿ ಕಿಕ್ಕಿರಿದು ನಿಂತರು, ಬೇರೆ ಯಾರ ಕೈಗೂ ಅದು ಸಿಗಬಾರದು ಎಂದು. ಪತ್ರಕರ್ತರ ಕೈಗೆ ಸಿಕ್ಕೇ ಸಿಕ್ಕಿತು. 1990ರ ದಶಕದಲ್ಲಿ ಇಂಟರ್‌ನೆಟ್ಟಿಗೂ ಹೋಯಿತು.

ಕ್ರೈಸ್ತರ ನಂಬಿಕೆಯನ್ನು ಇವತ್ತೇ ಮೊದಲ ಸಲ ಕೇಳಿದರೆ?

ಇದು ನಮಗೆ ಕೇಳಿ ಕೇಳಿ ಹಳೆಯದಾಗಿದೆ. ಶಾಲೆಯ ಕ್ರಿಸ್‌ಮಸ್ ನಾಟಕದಲ್ಲಿ ಕುರಿ ಕಾಯುವವನ ವೇಷ ಹಾಕಿದವರು ನಮ್ಮಲ್ಲಿ ಎಷ್ಟು ಮಂದಿಯಿಲ್ಲ! ಆದ್ದರಿಂದ ಸ್ವಲ್ಪ ದೂರ ನಿಂತು ನೋಡಬೇಕು.

ವಿಶ್ವವನ್ನು ಸೃಷ್ಟಿಸಿದ ಒಬ್ಬನೇ ದೇವರು, ಆದರೆ ತಂದೆ, ಮಗ, ಪವಿತ್ರಾತ್ಮ ಎಂದು ಮೂವರು. ಮಗನು ಕನ್ಯೆಯೊಬ್ಬಳ ಹೊಟ್ಟೆಯಲ್ಲಿ ಮನುಷ್ಯನಾಗಿ ಹುಟ್ಟಿದ. ಪೂರ್ತಿ ದೇವರೂ ಹೌದು, ಪೂರ್ತಿ ಮನುಷ್ಯನೂ ಹೌದು. ರೋಮನ್ನರು ಅವನನ್ನು ಶಿಲುಬೆಗೆ ಹಾಕಿದರು. ಆ ಸಾವು ಎಲ್ಲ ಮನುಷ್ಯರ ಪಾಪಕ್ಕೆ ತೆತ್ತ ಬೆಲೆ. ಮೂರನೇ ದಿನ ಅವನು ದೇಹಸಮೇತ ಎದ್ದ, ಮುಂದೆ ಆಕಾಶಕ್ಕೆ ಏರಿದ, ಒಂದು ದಿನ ಮತ್ತೆ ಬಂದು ಸತ್ತವರಿಗೂ ಬದುಕಿರುವವರಿಗೂ ನ್ಯಾಯ ತೀರಿಸುತ್ತಾನೆ. ಇನ್ನು ಕ್ಯಾಥೊಲಿಕರ ಪ್ರಕಾರ ಪೂಜೆಯ ರೊಟ್ಟಿ ಮತ್ತು ದ್ರಾಕ್ಷಾರಸ ನಿಜಕ್ಕೂ ಅವನ ದೇಹ, ರಕ್ತವೇ ಆಗುತ್ತವೆ.

ಇದು ಎಲ್ಲರಿಗೂ ಸಹಜವಾಗಿ ಕಂಡ ಕಾಲ ಯಾವಾಗಲೂ ಇರಲಿಲ್ಲ. ರೋಮಿನ ಇತಿಹಾಸಕಾರ ಟ್ಯಾಸಿಟಸ್ ಇದನ್ನು ಕೇಡಿನ ಮೂಢನಂಬಿಕೆ ಎಂದು ಕರೆದ. ಎರಡನೇ ಶತಮಾನದ ಸೆಲ್ಸಸ್ ಎಂಬ ಗ್ರೀಕ್ ಲೇಖಕ, ಎದ್ದು ಬಂದವನನ್ನು ನೋಡಿದ್ದು ಯಾರು, ಒಬ್ಬಳು ಅರೆಹುಚ್ಚಿ ಹೆಂಗಸು ತಾನೇ ಎಂದು ಗೇಲಿ ಮಾಡಿದ. ಕ್ರೈಸ್ತರು ನರಮಾಂಸ ತಿನ್ನುತ್ತಾರೆ ಎಂಬ ಗಾಳಿಮಾತೂ ಹಬ್ಬಿತ್ತು, ಆ ರೊಟ್ಟಿ–ರಕ್ತದ ಮಾತಿನಿಂದಲೇ ಇರಬಹುದು. ಹೊಸದಾಗಿದ್ದಾಗ ಕ್ರೈಸ್ತ ಧರ್ಮಕ್ಕೆ ಸಿಕ್ಕ ಮರ್ಯಾದೆ ಇವತ್ತು ಸೈಂಟಾಲಜಿಗೆ ಸಿಗುವುದಕ್ಕಿಂತ ಬಹಳ ಜಾಸ್ತಿ ಏನಿರಲಿಲ್ಲ.

ವಿಚಿತ್ರ ಅನ್ನಿಸುವುದು ಬೇರೆ, ಆಧಾರ ಇಲ್ಲದಿರುವುದು ಬೇರೆ

‘ಇದು ನಂಬುವಂಥದ್ದಾ?’ ಎಂದು ಕೇಳುವಾಗ ನಾವು ಎರಡು ಪ್ರಶ್ನೆಗಳನ್ನು ಕಲಸಿಬಿಡುತ್ತೇವೆ. ಕಿವಿಗೆ ವಿಚಿತ್ರವಾಗಿ ಕೇಳುತ್ತದೆಯೇ ಎಂಬುದು ಒಂದು. ನಿಜ ಎನ್ನಲು ಎಷ್ಟು ಆಧಾರವಿದೆ ಎಂಬುದು ಇನ್ನೊಂದು. ಭೂಮಿ ಗಂಟೆಗೆ ಲಕ್ಷ ಕಿಲೋಮೀಟರಿಗೂ ಜಾಸ್ತಿ ವೇಗದಲ್ಲಿ ಸೂರ್ಯನನ್ನು ಸುತ್ತುತ್ತಿದೆ, ನಮ್ಮ ಲೋಟದ ನೀರು ತುಳುಕುತ್ತಿಲ್ಲ. ಇದು ಮೊದಲ ಸಲ ಕೇಳಿದವರಿಗೆ ಜೀನುವಿನಷ್ಟೇ ವಿಚಿತ್ರ. ಆದರೆ ಆಧಾರ ಬೇಕಾದಷ್ಟಿದೆ.

ಆಧಾರ ಎಷ್ಟು ಬೇಕು ಎಂಬುದು ಹೇಳಿಕೆಯ ತೂಕದ ಮೇಲೆ ಹೋಗುತ್ತದೆ. ತಿಪಟೂರಿನಲ್ಲಿ ಕೊಬ್ಬರಿ ರೇಟು ಏರಿತು ಎಂದು ಪಕ್ಕದ ಮನೆಯವರು ಹೇಳಿದರೆ ತಲೆಯಾಡಿಸುತ್ತೇವೆ. ತಿಪಟೂರಿನಲ್ಲಿ ತೆಂಗಿನಮರವೊಂದು ನಡೆದುಕೊಂಡು ರಸ್ತೆ ದಾಟಿತು ಎಂದು ಅದೇ ಮನುಷ್ಯ ಹೇಳಿದರೆ? ಹೇಳಿದವರು ಒಳ್ಳೆಯವರೇ, ಸುಳ್ಳು ಹೇಳುವವರಲ್ಲ. ಆದರೂ ಮರ ನಡೆಯುವುದಕ್ಕಿಂತ ಅವರ ಕಣ್ಣು ತಪ್ಪಿರುವ ಸಾಧ್ಯತೆಯೇ ದೊಡ್ಡದು ಅಂದುಕೊಳ್ಳುತ್ತೇವೆ. ಸ್ಕಾಟ್ಲೆಂಡಿನ ತತ್ವಜ್ಞಾನಿ ಡೇವಿಡ್ ಹ್ಯೂಮ್ 1748ರಲ್ಲಿ ಪವಾಡಗಳ ಬಗ್ಗೆ ಹೇಳಿದ್ದು ಸ್ಥೂಲವಾಗಿ ಇದನ್ನೇ. ಸಾಕ್ಷಿ ಸುಳ್ಳಾಗುವುದು ಪವಾಡಕ್ಕಿಂತಲೂ ದೊಡ್ಡ ಪವಾಡ ಎನ್ನುವಷ್ಟು ಆ ಸಾಕ್ಷಿ ಗಟ್ಟಿಯಾಗಿರಬೇಕು.

ಹ್ಯೂಮ್‌ಗೆ ಒಂದು ಹಳೆಯ ಉತ್ತರವೂ ಇದೆ. ಮರ ನಡೆಸಬಲ್ಲ ದೇವರೊಬ್ಬ ಇದ್ದಾನೆ ಎಂದು ಮೊದಲೇ ನಂಬಿರುವವರಿಗೆ ಆ ಮಾತು ಅಷ್ಟು ಅಸಾಧ್ಯವಲ್ಲ. ಹಾಗಾಗಿ ಇಬ್ಬರು ಒಂದೇ ಸಾಕ್ಷಿಯನ್ನು ನೋಡಿ ಬೇರೆ ಬೇರೆ ತೀರ್ಮಾನಕ್ಕೆ ಬರಬಹುದು, ಇಬ್ಬರೂ ದಡ್ಡರಾಗದೆ. ತಕ್ಕಡಿ ಒಂದೇ, ಆದರೆ ತೂಗುವ ಮೊದಲೇ ಒಬ್ಬರ ತಟ್ಟೆಯಲ್ಲಿ ಸ್ವಲ್ಪ ಭಾರ ಇರುತ್ತದೆ.

ಸಾಕ್ಷಿಗಳನ್ನು ಕರೆಯೋಣ

ಯೇಸು ಎಂಬ ಯಹೂದಿ ಬೋಧಕ ಇದ್ದ, ರೋಮನ್ ಅಧಿಕಾರಿ ಪೊಂತ್ಯ ಪಿಲಾತನ ಕಾಲದಲ್ಲಿ ಶಿಲುಬೆಗೇರಿದ. ಇಷ್ಟನ್ನು ನಂಬಿಕೆಯಿಲ್ಲದ ಇತಿಹಾಸಕಾರರೂ ಬಹುತೇಕ ಒಪ್ಪುತ್ತಾರೆ. ಟ್ಯಾಸಿಟಸ್ ಸುಮಾರು ಕ್ರಿ.ಶ. 116ರಲ್ಲಿ ಆ ಮರಣದಂಡನೆಯನ್ನು ಹೇಳುತ್ತಾನೆ. ಯಹೂದಿ ಲೇಖಕ ಜೋಸೆಫಸ್ ಅದಕ್ಕೂ ಮೊದಲು, ಸುಮಾರು 93ರಲ್ಲಿ, ಯೇಸುವಿನ ತಮ್ಮ ಯಾಕೋಬನ ಹೆಸರು ಹೇಳುತ್ತಾನೆ. ಪಿಲಾತನ ಹೆಸರು ಕೆತ್ತಿದ ಕಲ್ಲು 1961ರಲ್ಲಿ ಇಸ್ರೇಲಿನ ಕೈಸರೈಯದಲ್ಲಿ ಸಿಕ್ಕಿತು.

ಎದ್ದು ಬಂದಿದ್ದಕ್ಕೆ ಸಾಕ್ಷಿ? ಎಲ್ಲಕ್ಕಿಂತ ಹಳೆಯದು ಕ್ರೈಸ್ತ ಧರ್ಮದ ಮೊದಲ ಪ್ರಚಾರಕರಲ್ಲಿ ಒಬ್ಬನಾದ ಪೌಲನ ಪತ್ರಗಳು, ಕ್ರಿ.ಶ. 50ರ ದಶಕದವು. ಅಂದರೆ ಘಟನೆಯಾಗಿ ಸುಮಾರು 20–25 ವರ್ಷ. ಕೊರಿಂಥದವರಿಗೆ ಬರೆದ ಮೊದಲ ಪತ್ರದಲ್ಲಿ ಪೌಲ ಹೆಸರು ಹೇಳಿ ಪಟ್ಟಿ ಕೊಡುತ್ತಾನೆ: ಯೇಸು ಶಿಷ್ಯ ಪೇತ್ರನಿಗೆ ಕಾಣಿಸಿಕೊಂಡ, ಹನ್ನೆರಡು ಮಂದಿ ಶಿಷ್ಯರಿಗೆ, ಐನೂರಕ್ಕೂ ಹೆಚ್ಚು ಜನರಿಗೆ, ಯಾಕೋಬನಿಗೆ, ಕೊನೆಗೆ ತನಗೂ. ಪೇತ್ರ, ಯಾಕೋಬ ಇಬ್ಬರನ್ನೂ ತಾನು ಭೇಟಿಯಾಗಿದ್ದೆ ಎಂದು ಇನ್ನೊಂದು ಪತ್ರದಲ್ಲಿ ಹೇಳುತ್ತಾನೆ. ಇದು ಸಣ್ಣ ವಿಷಯವಲ್ಲ. ಯಾರೋ ಇನ್ನೂರು ವರ್ಷದ ಮೇಲೆ ಕೂತು ಕಟ್ಟಿದ ಕಥೆ ಎನ್ನಲು ಬರುವುದಿಲ್ಲ. ಕೊರಿಂಥದವರಿಗೆ ಬರೆದ ಅದೇ ಪತ್ರದಲ್ಲಿ ಪೌಲ ಇನ್ನೊಂದು ಮಾತನ್ನೂ ಹೇಳುತ್ತಾನೆ: ಕ್ರಿಸ್ತನು ಎದ್ದಿಲ್ಲವೆಂದರೆ ನಿಮ್ಮ ನಂಬಿಕೆಯೇ ವ್ಯರ್ಥ. ಎಲ್ಲವನ್ನೂ ಒಂದೇ ಘಟನೆಯ ಮೇಲೆ ಪಣಕ್ಕಿಟ್ಟ ಮಾತು ಅದು.

ಆದರೆ ತೂತುಗಳೂ ಇವೆ. ಪೌಲ ಯೇಸುವನ್ನು ಬದುಕಿದ್ದಾಗ ನೋಡಿದವನಲ್ಲ. ಅವನಿಗಾದದ್ದು ಒಂದು ದರ್ಶನ. ಐನೂರು ಜನರಲ್ಲಿ ಒಬ್ಬರ ಹೇಳಿಕೆಯೂ ನಮ್ಮ ಕೈಯಲ್ಲಿಲ್ಲ. ಯೇಸುವಿನ ಬದುಕನ್ನು ಹೇಳುವ ಸುವಾರ್ತೆಗಳಲ್ಲಿ ಮೊದಲನೆಯದಾದ ಮಾರ್ಕನದ್ದು ಸುಮಾರು ಕ್ರಿ.ಶ. 70ರದ್ದು. ಅದರ ತುಂಬ ಹಳೆಯ ಹಸ್ತಪ್ರತಿಗಳಲ್ಲಿ ಕಥೆ ಖಾಲಿ ಸಮಾಧಿಯ ಹತ್ತಿರ, ಹೆಂಗಸರು ಹೆದರಿ ಓಡುವಲ್ಲಿಗೇ ನಿಲ್ಲುತ್ತದೆ. ಯೇಸು ಕಾಣಿಸಿಕೊಂಡ ಸಾಲುಗಳು ಅವುಗಳಲ್ಲಿ ಇಲ್ಲ. ಮುಂದಿನ ಸುವಾರ್ತೆಗಳಲ್ಲಿ ವಿವರ ಬೆಳೆಯುತ್ತಾ ಹೋಗುತ್ತದೆ, ಒಂದರದ್ದು ಇನ್ನೊಂದಕ್ಕೆ ಪೂರ್ತಿ ಹೊಂದುವುದೂ ಇಲ್ಲ. ಶಿಷ್ಯರು ಏನನ್ನೋ ಕಂಡೆವೆಂದು ಪ್ರಾಮಾಣಿಕವಾಗಿ ನಂಬಿದ್ದರು ಎಂಬಲ್ಲಿಯವರೆಗೆ ಇತಿಹಾಸ ಬರುತ್ತದೆ. ಅವರು ಕಂಡಿದ್ದು ನಿಜಕ್ಕೂ ಏನು ಎಂಬಲ್ಲಿ ಅದು ಕೈಚೆಲ್ಲುತ್ತದೆ.

ಈಗ ಸೈಂಟಾಲಜಿ ಕಡೆ ಬನ್ನಿ. 7.5 ಕೋಟಿ ವರ್ಷ ಹಿಂದಿನ ಕಥೆಗೆ ಸಾಕ್ಷಿ ಒಬ್ಬರೇ, ಹಬ್ಬರ್ಡ್. ಅವರೂ ನೋಡಿದವರಲ್ಲ, ತಮ್ಮದೇ ವಿಧಾನದಿಂದ ಒಳಗೆ ಹುಡುಕಿ ಕಂಡೆ ಎಂದವರು. ಆಮೇಲೆ ಆ ಮಟ್ಟಕ್ಕೆ ಏರಿದವರು ನಾವೂ ಕಂಡೆವು ಎನ್ನಬಹುದು. ಆದರೆ ಅವರು ಕಾಣುವ ಮೊದಲೇ ಏನು ಕಾಣಬೇಕೆಂದು ಓದಿಕೊಂಡಿರುತ್ತಾರಲ್ಲ? ಪ್ರಶ್ನೆಪತ್ರಿಕೆಯ ಜೊತೆಗೇ ಉತ್ತರಪತ್ರಿಕೆ ಕೊಟ್ಟ ಹಾಗೆ ಅದು. ಇಂಥ ಸಾಕ್ಷಿಗೆ ತೂಕ ಕಮ್ಮಿ.

ಹಬ್ಬರ್ಡ್ ಎಂಥವರು ಎಂಬುದೂ ನಮಗೆ ಗೊತ್ತಿದೆ, ಅವರಿಗೆ ಬೇಕಾಗಿದ್ದಕ್ಕಿಂತ ಜಾಸ್ತಿಯೇ. ಎರಡನೇ ಮಹಾಯುದ್ಧದಲ್ಲಿ ಕುರುಡಾಗಿ, ಕುಂಟಾಗಿ, ತಮ್ಮ ವಿಧಾನದಿಂದಲೇ ಗುಣವಾದೆ ಎಂದು ಅವರು ಹೇಳಿಕೊಂಡಿದ್ದರು. ನೌಕಾಪಡೆಯ ದಾಖಲೆಗಳಲ್ಲಿ ಯುದ್ಧದ ಗಾಯವಿಲ್ಲ. ಕಾಗದ, ಟೈಪ್‌ರೈಟರ್, ಸರ್ಕಾರಿ ಕಡತಗಳ ಕಾಲದಲ್ಲಿ ಹುಟ್ಟಿದ ಧರ್ಮಕ್ಕೆ ಈ ತಾಪತ್ರಯ ತಪ್ಪಿದ್ದಲ್ಲ. ಯೇಸುವಿನ ಬಗ್ಗೆ ಇಂಥ ಕಡತವೇ ಇಲ್ಲ, ಇದ್ದಿದ್ದರೆ ಅದರಲ್ಲಿ ಏನಿರುತ್ತಿತ್ತೋ ಯಾರಿಗೂ ಗೊತ್ತಿಲ್ಲ. ನನಗೆ ಈ ಇಡೀ ಹೋಲಿಕೆಯಲ್ಲಿ ಹೆಚ್ಚು ಕಾಡುವುದು ಇದೇ. ಎರಡು ಸಾವಿರ ವರ್ಷದ ದೂರ ಒಂದು ಧರ್ಮವನ್ನು ತನಿಖೆಯಿಂದ ಕಾಪಾಡುತ್ತದೆ. ಹಳೆಯದಾಗಿರುವುದು ನಿಜವಾಗಿರುವುದಕ್ಕೆ ಆಧಾರವಲ್ಲ. ಹಾಗೆಯೇ, ಹೊಸದಾಗಿರುವುದಷ್ಟೇ ಸುಳ್ಳಿಗೆ ಆಧಾರವೂ ಅಲ್ಲ.

ಪರೀಕ್ಷೆಗೆ ಒಡ್ಡಬಹುದಾದ ಮಾತುಗಳು

ದೇವರು ಇದ್ದಾನೆ, ಥೀಟನ್ ಇದೆ ಎಂಬ ಮಾತನ್ನು ಪ್ರಯೋಗಾಲಯದಲ್ಲಿ ತೂಗಲಾಗದು. ಆದರೆ ಎರಡೂ ಕಡೆ ಕೆಲವು ಮಾತುಗಳು ನೆಲಕ್ಕೆ ತಾಗುತ್ತವೆ. ಅಲ್ಲಿ ಪರೀಕ್ಷೆ ಸಾಧ್ಯ.

ಜೀನು ಕಥೆಯಲ್ಲಿ ಹವಾಯಿ ಮತ್ತು ಸ್ಪೇನಿಗೆ ಸೇರಿದ ಕ್ಯಾನರಿ ದ್ವೀಪಗಳ ಲಾಸ್ ಪಾಲ್ಮಾಸಿನ ಜ್ವಾಲಾಮುಖಿಗಳ ಹೆಸರು ಬರುತ್ತದೆ. ಇವತ್ತಿನ ಮುಖ್ಯ ಹವಾಯಿ ದ್ವೀಪಗಳಲ್ಲಿ ಹಳೆಯದಕ್ಕೂ ಸುಮಾರು 50 ಲಕ್ಷ ವರ್ಷ ವಯಸ್ಸು, ಅಷ್ಟೇ. ಲಾಸ್ ಪಾಲ್ಮಾಸ್ ಇರುವ ದ್ವೀಪದ್ದು ಸುಮಾರು ಒಂದೂವರೆ ಕೋಟಿ ವರ್ಷ. ಕಥೆ ನಡೆದ ಕಾಲಕ್ಕೆ ಅವು ಸಮುದ್ರದ ಮೇಲೆ ಇರಲೇ ಇಲ್ಲ. ಭೂಮಿಯಲ್ಲಿ ಆಗ ಡೈನೋಸಾರ್‌ಗಳಿದ್ದವು.

1950ರ ಆಗಸ್ಟಿನಲ್ಲಿ ಹಬ್ಬರ್ಡ್ ಲಾಸ್ ಏಂಜಲಿಸಿನ ಒಂದು ದೊಡ್ಡ ಸಭಾಂಗಣದಲ್ಲಿ ಸಾವಿರಾರು ಜನರ ಮುಂದೆ ಒಬ್ಬ ‘ಕ್ಲಿಯರ್’ ಯುವತಿಯನ್ನು ನಿಲ್ಲಿಸಿದರು. ಕ್ಲಿಯರ್ ಆದವರಿಗೆ ಮರೆವೇ ಇಲ್ಲ ಎಂಬುದು ಅವರ ಮಾತು. ಆಕೆ ಭೌತವಿಜ್ಞಾನದ ವಿದ್ಯಾರ್ಥಿನಿ. ಸಭಿಕರು ಕೇಳಿದ ಒಂದು ಸೂತ್ರ ನೆನಪಾಗಲಿಲ್ಲ. ಹಬ್ಬರ್ಡ್ ಬೆನ್ನು ತಿರುಗಿಸಿ ನಿಂತಾಗ ಅವರ ಟೈ ಯಾವ ಬಣ್ಣ ಎಂಬುದಕ್ಕೂ ಉತ್ತರ ಬರಲಿಲ್ಲ. ಪಾಪ, ಅಷ್ಟು ಜನರ ಮುಂದೆ ಯಾರಿಗಾದರೂ ಮರೆತು ಹೋಗುತ್ತದೆ. ಆದರೆ ಮರೆಯಬಾರದು ಎಂಬುದೇ ಅಲ್ಲಿನ ಹೇಳಿಕೆಯಾಗಿತ್ತು.

1959ರಲ್ಲಿ ಪ್ರಕಟವಾದ ಒಂದು ಪ್ರಯೋಗ ಇನ್ನೂ ನೇರ. ಡಯಾನೆಟಿಕ್ಸ್ ಸಂಸ್ಥೆಯ ಸಹಕಾರದಿಂದಲೇ ಒಬ್ಬರಿಗೆ ಮದ್ದು ಕೊಟ್ಟು ಪ್ರಜ್ಞೆ ತಪ್ಪಿಸಿ, ಭೌತವಿಜ್ಞಾನದ ಪುಸ್ತಕದ ಒಂದು ಸಣ್ಣ ಭಾಗವನ್ನು ಕಿವಿಯಲ್ಲಿ ಓದಿದರು. ಎನ್‌ಗ್ರಾಮ್ ಎಂಬುದು ನಿಜವಾದರೆ ಆಡಿಟಿಂಗಿನಲ್ಲಿ ಆ ಸಾಲುಗಳು ಹೊರಬರಬೇಕು. ತಿಂಗಳುಗಟ್ಟಲೆ ಕೂತರೂ ಬರಲಿಲ್ಲ. ಇ-ಮೀಟರ್ ರೋಗ ಪತ್ತೆ ಮಾಡುತ್ತದೆ ಎಂಬ ಮಾತಿಗೂ ಅಮೆರಿಕದ ಕೋರ್ಟು 1971ರಲ್ಲಿ ಕಡಿವಾಣ ಹಾಕಿತು. ಅದನ್ನು ಧಾರ್ಮಿಕ ಬಳಕೆಗೆ ಮಾತ್ರ ಇಟ್ಟುಕೊಳ್ಳಿ, ಔಷಧೋಪಚಾರಕ್ಕಲ್ಲ ಎಂದು ಚೀಟಿ ಅಂಟಿಸಿ ಎಂದಿತು.

ಕ್ರೈಸ್ತರ ಕಡೆಯೂ ಇಂಥವು ಇವೆ. ಯೇಸು ಹುಟ್ಟಿದ್ದು ಅರಸ ಹೆರೋದನ ಕಾಲದಲ್ಲಿ ಎನ್ನುತ್ತದೆ ಮತ್ತಾಯನ ಸುವಾರ್ತೆ. ರೋಮನ್ ಅಧಿಕಾರಿ ಕುರೇನ್ಯನು ನಡೆಸಿದ ಜನಗಣತಿಯ ವೇಳೆ ಎನ್ನುತ್ತದೆ ಲೂಕನದ್ದು. ಹೆರೋದ ಸತ್ತಿದ್ದು ಕ್ರಿ.ಪೂ. 4ರ ಹೊತ್ತಿಗೆ, ಆ ಗಣತಿ ಕ್ರಿ.ಶ. 6ರದ್ದು. ನಡುವೆ ಸುಮಾರು ಹತ್ತು ವರ್ಷ ಹೊಂದುವುದಿಲ್ಲ. ಯೇಸುವಿನ ಶವಕ್ಕೆ ಹೊದಿಸಿದ್ದೆಂದು ಹೇಳುವ ಇಟಲಿಯ ಟ್ಯೂರಿನ್ ಬಟ್ಟೆಯನ್ನು 1988ರಲ್ಲಿ ಕಾರ್ಬನ್ ಪರೀಕ್ಷೆ ಮಾಡಿದಾಗ ಅದು 1260ರಿಂದ 1390ರ ನಡುವಿನದು ಎಂದು ಬಂತು.

ಪ್ರಾರ್ಥನೆಯನ್ನೂ ಪರೀಕ್ಷೆಗೆ ಒಡ್ಡಿದ್ದಾರೆ. 2006ರಲ್ಲಿ ಅಮೆರಿಕದ ಆರು ಆಸ್ಪತ್ರೆಗಳ 1,802 ಹೃದಯ ಶಸ್ತ್ರಚಿಕಿತ್ಸೆ ರೋಗಿಗಳ ಅಧ್ಯಯನ ಹೊರಬಂತು. ಕ್ರೈಸ್ತ ಗುಂಪುಗಳು ಕೆಲವರಿಗಾಗಿ ದೂರದಿಂದ ಪ್ರಾರ್ಥಿಸಿದವು, ಕೆಲವರಿಗಾಗಿ ಇಲ್ಲ. ಪ್ರಾರ್ಥನೆಯಿಂದ ಚೇತರಿಕೆಯಲ್ಲಿ ಲಾಭ ಕಾಣಲಿಲ್ಲ. ತಮಗಾಗಿ ಪ್ರಾರ್ಥಿಸುತ್ತಿದ್ದಾರೆ ಎಂದು ಖಚಿತವಾಗಿ ಗೊತ್ತಿದ್ದ ಗುಂಪಿನಲ್ಲಿ ತೊಂದರೆಗಳು ಸ್ವಲ್ಪ ಜಾಸ್ತಿಯೇ ಕಂಡವು. ದೇವರು ಪರೀಕ್ಷೆ ಬರೆಯಲು ಕೂರುವವನಲ್ಲ ಎಂಬುದು ನಂಬುವವರ ಉತ್ತರ. ಆಡಿಟಿಂಗ್ ಸರಿಯಾಗಿ ಮಾಡಿರಲಿಕ್ಕಿಲ್ಲ ಎಂಬುದು ಆ ಕಡೆಯವರ ಉತ್ತರ. ಎರಡೂ ಉತ್ತರಗಳ ಜಾಯಮಾನ ಒಂದೇ, ಗಮನಿಸಿದಿರಾ?

ಆದರೂ ಒಂದು ವ್ಯತ್ಯಾಸ ಉಳಿಯುತ್ತದೆ. ಗಣತಿಯ ಲೆಕ್ಕ ತಪ್ಪಿದರೆ, ಬಟ್ಟೆ ನಕಲಿಯಾದರೆ ಕ್ರೈಸ್ತ ನಂಬಿಕೆಯ ನಡುಗಂಬ ಬೀಳುವುದಿಲ್ಲ. ಬೈಬಲ್ಲಿನ ಆದಿಕಾಂಡ ಹೇಳುವ ಆರು ದಿನಗಳ ಸೃಷ್ಟಿಯನ್ನು ಅಕ್ಷರಶಃ ತೆಗೆದುಕೊಳ್ಳಬೇಕಿಲ್ಲ ಎನ್ನುವ ಕ್ರೈಸ್ತರು ಬೇಕಾದಷ್ಟು. ವಿಕಾಸವಾದ ಬರೀ ಊಹೆಯಲ್ಲ, ಅದಕ್ಕಿಂತ ಮಿಗಿಲು ಎಂದು 1996ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಅವರೇ ಹೇಳಿದ್ದರು. ಸೈಂಟಾಲಜಿ ಮೊದಲಿನಿಂದ ತನ್ನನ್ನು ವಿಜ್ಞಾನ, ಕರಾರುವಾಕ್ಕಾದ ತಂತ್ರ ಎಂದು ಕರೆದುಕೊಂಡಿತು, ಹಬ್ಬರ್ಡ್ ಬರೆದಿದ್ದರಲ್ಲಿ ಒಂದಕ್ಷರ ಬದಲಿಸುವಂತಿಲ್ಲ ಎಂದಿತು. ಅಳತೆಗೋಲನ್ನು ತಾನೇ ಕೈಗೆ ಕೊಟ್ಟ ಮೇಲೆ ಜನ ಅಳೆಯದೆ ಬಿಡುತ್ತಾರೆಯೇ?

ಗುಟ್ಟು ಮತ್ತು ದುಡ್ಡು

ಬೈಬಲ್ಲನ್ನು ಯಾರು ಬೇಕಾದರೂ ಕೊಂಡು ಓದಬಹುದು, ಹೊಟೇಲ್ ಕೋಣೆಯ ಡ್ರಾಯರಿನಲ್ಲಿ ಪುಕ್ಕಟೆಯಾಗಿಯೂ ಸಿಗುತ್ತದೆ. ಸಮಾಧಿ ಖಾಲಿಯಾಗಿತ್ತು ಎಂಬುದನ್ನು ಚರ್ಚಿನ ಬಾಗಿಲಲ್ಲೇ ಹೇಳುತ್ತಾರೆ. ಇಷ್ಟವಾಗದಿದ್ದರೆ ಅಲ್ಲಿಂದಲೇ ತಿರುಗಿ ಬರಬಹುದು. ಸೈಂಟಾಲಜಿಯಲ್ಲಿ ಮೇಲಿನ ಮಟ್ಟದ ಕಥೆ ಸಿಗುವುದು ವರ್ಷಗಟ್ಟಲೆ ದುಡ್ಡು ಕಟ್ಟಿ ಏರಿದ ಮೇಲೆ. ಆಡಿಟಿಂಗಿಗೆ, ಕೋರ್ಸುಗಳಿಗೆ ನಿಗದಿತ ಕಾಣಿಕೆ ಇದೆ. ಲಕ್ಷಾಂತರ ಡಾಲರ್ ಖರ್ಚಾಯಿತು ಎಂದು ಹೊರಬಂದ ಹಲವರು ಹೇಳಿದ್ದಾರೆ. ಅಷ್ಟು ಸುರಿದ ಮೇಲೆ ‘ಇದು ಸುಳ್ಳಿರಬಹುದಾ?’ ಎಂದು ತನ್ನನ್ನೇ ಕೇಳಿಕೊಳ್ಳುವುದು ಎಷ್ಟು ಕಷ್ಟ ಎಂಬುದು, ಚೀಟಿ ವ್ಯವಹಾರದಲ್ಲಿ ಕೈ ಸುಟ್ಟುಕೊಂಡವರಿಗೆ ಬಿಡಿಸಿ ಹೇಳಬೇಕಿಲ್ಲ.

ಇದು ನಂಬಿಕೆ ನಿಜವೋ ಸುಳ್ಳೋ ಎಂಬುದನ್ನು ನೇರವಾಗಿ ತೀರ್ಮಾನಿಸುವುದಿಲ್ಲ. ಮಧ್ಯಯುಗದ ಯುರೋಪಿನಲ್ಲಿ ಪಾಪದ ಶಿಕ್ಷೆ ಕಡಿಮೆಯಾಗುವ ಪತ್ರಗಳನ್ನು ಚರ್ಚು ದುಡ್ಡಿಗೆ ಮಾರಿತ್ತು, 1517ರಲ್ಲಿ ಮಾರ್ಟಿನ್ ಲೂಥರ್ ಸಿಡಿದಿದ್ದು ಅದಕ್ಕೇ. ಆದರೆ ತಪ್ಪು ಹಿಡಿಯುವವರ ಕಣ್ಣಿಗೆ ಬೀಳದಂತೆ ಇಟ್ಟ ಹೇಳಿಕೆಗೂ, ಶತಮಾನಗಳ ಕಾಲ ವಿರೋಧಿಗಳ ಏಟು ತಿಂದು ಉತ್ತರ ಕೊಡುತ್ತಾ ಬಂದ ಹೇಳಿಕೆಗೂ ವ್ಯತ್ಯಾಸವಿದೆ. ಸೆಲ್ಸಸ್‌ನ ಗೇಲಿ ಇವತ್ತು ನಮಗೆ ಓದಲು ಸಿಗುವುದೇ ಒರಿಜೆನ್ ಎಂಬ ಕ್ರೈಸ್ತ ಪಂಡಿತ ಅದನ್ನು ಸಾಲುಸಾಲಾಗಿ ಎತ್ತಿಕೊಂಡು ಉತ್ತರಿಸಿದ್ದರಿಂದ.

ನಮ್ಮ ಕಿವಿಗೆ ಬೇರೆ ಥರ ಕೇಳಿಸುತ್ತದೆ, ಯಾಕೆ?

ಅಮೆರಿಕದವರಿಗೆ ಸೈಂಟಾಲಜಿಯಲ್ಲಿ ವಿಚಿತ್ರವಾಗಿ ಕಾಣುವ ಎಷ್ಟೋ ವಿಷಯ ನಮಗೆ ಹಾಗೆ ಕಾಣುವುದಿಲ್ಲ. ಹಿಂದಿನ ಜನ್ಮವೇ? ‘ಯಾವ ಜನ್ಮದ ಪಾಪವೋ’ ಎಂದು ದಿನಾ ಹೇಳುವವರು ನಾವು. ಸಾವಿಲ್ಲದ ಆತ್ಮ, ದೇಹದಿಂದ ದೇಹಕ್ಕೆ ದಾಟುವುದು, ಹಳೆಯ ಜನ್ಮದ ವಾಸನೆಗಳು ಈ ಜನ್ಮದಲ್ಲಿ ಕಾಡುವುದು, ಇವೆಲ್ಲ ಮನೆಮಾತು. ಹಬ್ಬರ್ಡ್ ಕೂಡ ತಮ್ಮ ಚಿಂತನೆಯ ಬೇರುಗಳಲ್ಲಿ ವೇದ, ಬೌದ್ಧಧರ್ಮಗಳನ್ನು ಸೇರಿಸಿ ಹೇಳಿದ್ದುಂಟು. ಬದಲಿಗೆ ಕ್ರೈಸ್ತರ ‘ಒಂದೇ ಜನ್ಮ, ಆಮೇಲೆ ಕೊನೆಯ ತೀರ್ಪು, ಸತ್ತ ದೇಹವೇ ಮತ್ತೆ ಏಳುವುದು’ ಎಂಬುದೇ ನಮ್ಮಲ್ಲಿ ಹಲವರಿಗೆ ಹೊಸದು. ಶವವನ್ನು ಸುಡುವ ಮನೆಯಲ್ಲಿ ಬೆಳೆದವರಿಗಂತೂ ಇನ್ನೂ ಹೊಸದು.

ಸಮಾಜಶಾಸ್ತ್ರಜ್ಞ ಪೀಟರ್ ಬರ್ಗರ್ 1960ರ ದಶಕದಲ್ಲಿ ಇದಕ್ಕೊಂದು ವಿವರಣೆ ಕೊಟ್ಟರು. ನಂಬಿಕೆ ಒಬ್ಬೊಬ್ಬರ ತಲೆಯೊಳಗೆ ತಾನಾಗಿ ನಿಲ್ಲುವುದಿಲ್ಲ. ಸುತ್ತಲಿನ ಜನ, ಹಬ್ಬ, ಮದುವೆ, ಮಾತು ಎಲ್ಲ ಸೇರಿ ಅದಕ್ಕೆ ಊರುಗೋಲು ಕೊಡುತ್ತವೆ. ಬೀದಿ ತುಂಬ ಜನ ಒಂದನ್ನೇ ನಂಬಿದರೆ ಅದು ನಂಬಿಕೆಯಂತೆ ಕಾಣುವುದೇ ಇಲ್ಲ, ‘ಹಾಗೇ ಇರುವುದು’ ಅನ್ನಿಸುತ್ತದೆ. ಜಗತ್ತಿನಲ್ಲಿ 200 ಕೋಟಿಗೂ ಜಾಸ್ತಿ ಕ್ರೈಸ್ತರಿದ್ದಾರೆ. ಸೈಂಟಾಲಜಿ ತನ್ನವರು ಲಕ್ಷ ಲಕ್ಷ ಎನ್ನುತ್ತದೆ, ಆದರೆ 2008ರ ಒಂದು ದೊಡ್ಡ ಸಮೀಕ್ಷೆಯ ಅಂದಾಜಿನಲ್ಲಿ ಅಮೆರಿಕದಲ್ಲಿ ಸಿಕ್ಕಿದ್ದು ಸುಮಾರು 25,000. ಅಷ್ಟು ಸಣ್ಣ ಗುಂಪಿಗೆ ಊರುಗೋಲುಗಳು ಕಮ್ಮಿ. ಹಾಗಾಗಿಯೇ ಒಳಗಿನವರು ಒಳಗಿನವರ ಜೊತೆಗೇ ಇರಬೇಕೆಂಬ ಒತ್ತಾಯ ಅಲ್ಲಿ ಬಿಗಿ. ವಿರೋಧಿಸುವ ಬಂಧುಗಳಿಂದ ದೂರವಾಗುವ ಪದ್ಧತಿಗೆ ಅಲ್ಲಿ ‘ಡಿಸ್‌ಕನೆಕ್ಷನ್’ ಎಂಬ ಹೆಸರೇ ಇದೆ.

ಕೋರ್ಟುಗಳು ಏನು ಮಾಡಿದವು?

ದೇಶದಿಂದ ದೇಶಕ್ಕೆ ಬೇರೆ ಬೇರೆ. ಅಮೆರಿಕದ ತೆರಿಗೆ ಇಲಾಖೆ 1967ರಲ್ಲಿ ಕಿತ್ತುಕೊಂಡಿದ್ದ ವಿನಾಯಿತಿಯನ್ನು ದೀರ್ಘ ಜಗಳದ ನಂತರ 1993ರಲ್ಲಿ ಮರಳಿ ಕೊಟ್ಟಿತು. ಅದರ ನಡುವೆ ಸರ್ಕಾರಿ ಕಚೇರಿಗಳಿಗೆ ನುಗ್ಗಿ ಕಡತ ಕದ್ದ ಪ್ರಕರಣದಲ್ಲಿ ಹಬ್ಬರ್ಡ್ ಪತ್ನಿಯೂ ಸೇರಿ 11 ಮಂದಿಗೆ ಶಿಕ್ಷೆಯಾಗಿತ್ತು. ಆಸ್ಟ್ರೇಲಿಯಾದ ಹೈಕೋರ್ಟ್ 1983ರಲ್ಲಿ ಇದು ಧರ್ಮವೇ ಎಂದಿತು. ಫ್ರಾನ್ಸಿನಲ್ಲಿ 2009ರಲ್ಲಿ ವಂಚನೆಯ ಆರೋಪ ಸಾಬೀತಾಯಿತು. ಬ್ರಿಟನ್ನಿನ ಸುಪ್ರೀಂ ಕೋರ್ಟು 2013ರಲ್ಲಿ, ಸೈಂಟಾಲಜಿಯ ಮಂದಿರದಲ್ಲೇ ಮದುವೆಯಾಗಬೇಕೆಂದ ಯುವತಿಯೊಬ್ಬಳ ಪರ ತೀರ್ಪು ಕೊಟ್ಟಿತು.

ಈ ಯಾವ ಕೋರ್ಟೂ ಜೀನು ಇದ್ದನೇ ಎಂದು ಕೇಳಲಿಲ್ಲ. ಅದಕ್ಕೆ ಹಿನ್ನೆಲೆಯಾಗಿ ಒಂದು ಹಳೆಯ ಅಮೆರಿಕನ್ ತೀರ್ಪು ಇದೆ, 1944ರದ್ದು. ತಮಗೆ ಅಲೌಕಿಕ ಶಕ್ತಿಯಿಂದ ರೋಗ ಗುಣಪಡಿಸುವ ವರವಿದೆ ಎಂದು ಹಣ ಸಂಗ್ರಹಿಸಿದ ಬ್ಯಾಲರ್ಡ್ ಎಂಬ ಕುಟುಂಬದ ಮೇಲೆ ವಂಚನೆಯ ಕೇಸು ಬಿದ್ದಿತ್ತು. ಅವರ ನಂಬಿಕೆ ನಿಜವೇ ಎಂದು ತೀರ್ಮಾನಿಸುವುದು ಜ್ಯೂರಿಯ ಕೆಲಸವಲ್ಲ, ಅವರು ಅದನ್ನು ಪ್ರಾಮಾಣಿಕವಾಗಿ ನಂಬಿದ್ದರೇ ಎಂದಷ್ಟೇ ನೋಡಬಹುದು ಎಂದಿತು ಸುಪ್ರೀಂ ಕೋರ್ಟು. ಕಾರಣ ಕೊಡುವಾಗ ನ್ಯಾಯಮೂರ್ತಿ ವಿಲಿಯಂ ಡಗ್ಲಸ್ ಎತ್ತಿಕೊಂಡ ಉದಾಹರಣೆ ಯಾವುದೋ ಹೊಸ ಪಂಥದ್ದಲ್ಲ. ಬೈಬಲ್ಲಿನ ಹೊಸ ಒಡಂಬಡಿಕೆಯ ಪವಾಡಗಳು, ಕ್ರಿಸ್ತನ ದೈವತ್ವ, ಸಾವಿನ ನಂತರದ ಬದುಕು. ಹಗೆ ತುಂಬಿದ ಊರಿನ ಜ್ಯೂರಿಯೊಂದು ಇವು ಸುಳ್ಳೆಂದ ಮಾತ್ರಕ್ಕೆ ಒಬ್ಬನನ್ನು ಜೈಲಿಗೆ ಕಳಿಸಬಹುದಾದರೆ ಧಾರ್ಮಿಕ ಸ್ವಾತಂತ್ರ್ಯ ಎಂದು ಉಳಿಯುವುದು ಬಹಳ ಕಮ್ಮಿ ಎಂದು ಅವರು ಬರೆದರು.